ಸ್ಪಷ್ಟ ಆದೇಶವಿಲ್ಲದಾಗ ಕೆಲಸ ಮಾಡುವುದು ಹೇಗೆ: ಕಚೇರಿಯ ಅಸ್ಪಷ್ಟತೆ, ಅನಿಶ್ಚಿತತೆಗಳನ್ನು ನಿಭಾಯಿಸಲು ಹಂತಹಂತದ ಮಾರ್ಗದರ್ಶಿ

ದಾವಣಗೆರೆಯಲ್ಲಿ ಕಚೇರಿ ಲೆಕ್ಕಪತ್ರ ಮತ್ತು ಪತ್ರವ್ಯವಹಾರ ಕಲಿಸುವುದು ನನ್ನ ಕೆಲಸ. ತರಗತಿ ಮುಗಿದ ಮೇಲೆ ಉಳಿದುಕೊಂಡು ಮಾತನಾಡುವವರು ಲೆಕ್ಕದ ಪ್ರಶ್ನೆ ಕೇಳುವುದು ಕಡಿಮೆ. ಸಾಹೇಬರು ಏನು ಹೇಳಿದರೆಂದು ಸರಿಯಾಗಿ ತಿಳಿಯಲಿಲ್ಲ, ಮಾಡಿದ ಕೆಲಸ ತಪ್ಪಾಯಿತು ಎನ್ನುತ್ತಾರೆ. ಇಬ್ಬರು ಮೇಲಧಿಕಾರಿಗಳು ಎರಡು ರೀತಿ ಹೇಳುತ್ತಿದ್ದಾರೆ, ಯಾರ ಮಾತು ಕೇಳಲಿ ಎನ್ನುತ್ತಾರೆ. ಮುಂದಿನ ಜೂನ್‌ಗೆ ನಮ್ಮನ್ನು ಮತ್ತೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದು ಅತಿಥಿ ಉಪನ್ಯಾಸಕರು ಪ್ರತಿ ವರ್ಷ ಬೇಸಿಗೆಯಲ್ಲಿ ಕೇಳುತ್ತಾರೆ. ಇವರಲ್ಲಿ ಹೆಚ್ಚಿನವರು ಶ್ರಮದಲ್ಲಿ ಹಿಂದೆ ಬಿದ್ದವರಲ್ಲ. ಅವರು ಎಡವುವುದು ಕ್ರಮದಲ್ಲಿ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿದ್ದ ವಿಷಯವನ್ನು ಊಹಿಸಿಕೊಂಡು ವಾರಗಟ್ಟಲೆ ದುಡಿಯುತ್ತಾರೆ, ಯಾರಿಗೂ ತಿಳಿಯಲು ಸಾಧ್ಯವಿಲ್ಲದ ವಿಷಯವನ್ನು ಮಾತ್ರ ಸಿಕ್ಕಸಿಕ್ಕವರ ಬಳಿ ಕೇಳುತ್ತ ಅಲೆಯುತ್ತಾರೆ.

ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲಿಯೇ ಮಾಡಬೇಕು. ಮೂರನೆಯದನ್ನು ಬಿಟ್ಟು ಐದನೆಯದಕ್ಕೆ ಹಾರಿದರೆ ಉಪಯೋಗವಿಲ್ಲ.

ಮೊದಲು ಹೊಂದಿಸಿಕೊಳ್ಳಬೇಕಾದವು

200 ಪುಟದ ಒಂದು ನೋಟ್‌ಬುಕ್ ಬೇಕು. ಅದು ಕಚೇರಿಯದ್ದಾಗಿರದೆ ನಿಮ್ಮ ದುಡ್ಡಿನಿಂದ ಕೊಂಡದ್ದಾಗಿರಲಿ. ಗ್ರಾಹಕರ ವಿವರ, ದರಪಟ್ಟಿ, ಕಡತದ ಗೋಪ್ಯ ಸಂಗತಿಗಳನ್ನು ಅದರಲ್ಲಿ ಬರೆಯಬಾರದು. ಯಾರು, ಯಾವತ್ತು, ಯಾವ ಕೆಲಸ ಹೇಳಿದರು ಎಂಬುದಷ್ಟೇ ಸಾಕು. ಮೊಬೈಲಿನ ಕ್ಯಾಲೆಂಡರ್ ಬಳಸಲು ಬರಬೇಕು. ನೇಮಕಾತಿ ಪತ್ರ, ಸಂಬಳದ ಚೀಟಿಗಳು, ನವೀಕರಣದ ಆದೇಶಗಳು ಮನೆಯಲ್ಲಿ ಒಂದೇ ಫೈಲಿನಲ್ಲಿರಬೇಕು. ವಾರಕ್ಕೊಮ್ಮೆ, ಶನಿವಾರ ಸಂಜೆಯೋ ಭಾನುವಾರ ಬೆಳಿಗ್ಗೆಯೋ, ಅರ್ಧ ಗಂಟೆ ಬಿಡುವು ಮಾಡಿಕೊಳ್ಳಬೇಕು. ಇವಲ್ಲದೆ, ನಿಮ್ಮ ಕಚೇರಿಗೆ ಸಂಬಂಧವಿಲ್ಲದ, ಆದರೆ ದುಡಿದು ಅನುಭವವಿರುವ ಒಬ್ಬ ವ್ಯಕ್ತಿ ಬೇಕು. ಆ ವ್ಯಕ್ತಿ ಯಾರೆಂದು ಈಗಲೇ ನಿರ್ಧರಿಸಿಕೊಳ್ಳಿ, ಏಕೆಂದರೆ ಮನಸ್ಸು ಕದಡಿರುವಾಗ ಹುಡುಕಲು ಹೊರಟರೆ ಸಿಗುವುದು ಪಕ್ಕದ ಮೇಜಿನವರು ಮಾತ್ರ, ಮತ್ತು ಅವರೂ ಅದೇ ಗೊಂದಲದಲ್ಲಿರುತ್ತಾರೆ.

ಹಂತ 1: ಕಳವಳವನ್ನು ಪ್ರಶ್ನೆಗಳಾಗಿ ಬಿಡಿಸುವುದು

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಚಿತ್ರದುರ್ಗದ ಒಂದು ಸಂಸ್ಥೆಯ ಶಾಖೆಯಲ್ಲಿ ನೀವು ಲೆಕ್ಕ ಬರೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಆ ಶಾಖೆಯನ್ನು ದಾವಣಗೆರೆಯ ಕಚೇರಿಯೊಂದಿಗೆ ಸೇರಿಸುತ್ತಾರೆ ಎಂಬ ಮಾತು ಕಿವಿಗೆ ಬಿದ್ದಿದೆ. "ನನ್ನ ಗತಿ ಏನು" ಎಂಬುದು ಕಳವಳವಷ್ಟೇ ಆದ್ದರಿಂದ ಯಾರೂ ಅದಕ್ಕೆ ಉತ್ತರ ಕೊಡಲಾರರು.

ನೋಟ್‌ಬುಕ್‌ನಲ್ಲಿ ಅದನ್ನು ಹೀಗೆ ಬಿಡಿಸಿ. ಸೇರಿಸುವ ತೀರ್ಮಾನ ಆಗಿದೆಯೇ, ಚರ್ಚೆಯಲ್ಲಿದೆಯೇ? ಆಗಿದ್ದರೆ ಯಾವ ತಾರೀಖಿನಿಂದ? ನನ್ನ ಹುದ್ದೆ ಅಲ್ಲಿಯೂ ಇರುತ್ತದೆಯೇ? ಸುಮಾರು 60 ಕಿಲೋಮೀಟರ್ ದಿನವೂ ಓಡಾಡಬೇಕಾದರೆ ಭತ್ಯೆ ಕೊಡುತ್ತಾರೆಯೇ? ಈ ತಿಂಗಳ ವರದಿಯನ್ನು ಇಲ್ಲಿಯ ಮ್ಯಾನೇಜರಿಗೆ ಕೊಡಬೇಕೋ ಅಲ್ಲಿಗೆ ಕಳುಹಿಸಬೇಕೋ? ಕೊನೆಯ ಪ್ರಶ್ನೆಗೆ ಇವತ್ತೇ ಉತ್ತರ ಸಿಗುತ್ತದೆ ಎಂಬುದನ್ನು ಗಮನಿಸಿ. ಕಳವಳವನ್ನು ಇಡಿಯಾಗಿ ಹೊತ್ತುಕೊಂಡಿದ್ದಾಗ ಆ ಪ್ರಶ್ನೆ ಕಣ್ಣಿಗೇ ಬಿದ್ದಿರಲಿಲ್ಲ.

ಇಲ್ಲಿ ಜನ ಮಾಡುವ ತಪ್ಪೆಂದರೆ ಪ್ರಶ್ನೆಯ ಜಾಗದಲ್ಲಿ ತೀರ್ಪು ಬರೆಯುವುದು. "ನನ್ನನ್ನು ಕಂಡರೆ ಅವರಿಗೆ ಆಗುವುದಿಲ್ಲ" ಎಂಬ ವಾಕ್ಯದ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಲು ಬರುವುದಿಲ್ಲವಾದ್ದರಿಂದ ಅದಕ್ಕೆ ಈ ಪುಟದಲ್ಲಿ ಜಾಗವಿಲ್ಲ.

ಹಂತ 2: ಪ್ರಶ್ನೆಗಳನ್ನು ಮೂರು ರಾಶಿ ಮಾಡುವುದು

ಬರೆದ ಪ್ರತಿ ಪ್ರಶ್ನೆಯೂ ಈ ಮೂರರಲ್ಲಿ ಒಂದಾಗಿರುತ್ತದೆ. ಒಂದು, ಯಾರಿಗೋ ತಿಳಿದಿದೆ, ನಿಮಗೆ ಹೇಳಿಲ್ಲ. ಎರಡು, ತೀರ್ಮಾನ ಮಾಡಬೇಕಾದವರು ಇದ್ದಾರೆ, ಇನ್ನೂ ಮಾಡಿಲ್ಲ. ಮೂರು, ಯಾರಿಗೂ ತಿಳಿದಿಲ್ಲ, ಕಾಲವೇ ಹೇಳಬೇಕು. ಮೊದಲನೆಯದು ಅಸ್ಪಷ್ಟತೆ, ಮೂರನೆಯದು ಅನಿಶ್ಚಿತತೆ, ನಡುವಿನದ್ದು ಎರಡರ ಗುಣವನ್ನೂ ಹೊಂದಿರುತ್ತದೆ.

ದಾವಣಗೆರೆಯ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮಂಡಿಗೆ ಹೊಸದಾಗಿ ಸೇರಿದ ಗುಮಾಸ್ತನನ್ನು ನೋಡಿದರೆ ಇದು ಸುಲಭವಾಗಿ ತಿಳಿಯುತ್ತದೆ. ಖರೀದಿದಾರರು ಎಷ್ಟು ತೇವಾಂಶದವರೆಗೆ ಕಾಳನ್ನು ಒಪ್ಪುತ್ತಾರೆ, ಶೇ 14ಕ್ಕಿಂತ ಹೆಚ್ಚಿದ್ದರೆ ತೂಕದಲ್ಲಿ ಎಷ್ಟು ಕಡಿತ ಮಾಡುತ್ತಾರೆ ಎಂಬುದು ಮಂಡಿಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಕೇಳಿದರೆ ಹಮಾಲರೇ ಹೇಳುತ್ತಾರೆ. ಹಳೆಯ ಬಾಕಿ ಉಳಿಸಿಕೊಂಡಿರುವ ವ್ಯಾಪಾರಿಗೆ ಮತ್ತೆ ಸಾಲದ ಮೇಲೆ ಮಾಲು ಕೊಡಬೇಕೇ ಎಂಬುದನ್ನು ಮಾಲೀಕರು ತೀರ್ಮಾನಿಸಬೇಕು. ಮುಂದಿನ ವಾರದ ಧಾರಣೆ ಎಷ್ಟಾಗುತ್ತದೆ ಎಂಬುದು ಮಾಲೀಕರಿಗೂ ತಿಳಿದಿರುವುದಿಲ್ಲ. ಮೂರಕ್ಕೂ "ಗೊತ್ತಿಲ್ಲ" ಎಂಬ ಒಂದೇ ಪದ ಬಳಸುವ ಗುಮಾಸ್ತ ಮೊದಲನೆಯದನ್ನು ಕೇಳಲು ಹಿಂಜರಿದು, ಎರಡನೆಯದನ್ನು ತಾನೇ ತೀರ್ಮಾನಿಸಿ ಸಿಕ್ಕಿಹಾಕಿಕೊಳ್ಳುತ್ತಾನೆ.

ನಮ್ಮ ಶಾಖೆಯ ಉದಾಹರಣೆಯಲ್ಲಿ ಈ ತಿಂಗಳ ವರದಿ ಎಲ್ಲಿಗೆ ಎಂಬುದು ಮೊದಲ ರಾಶಿಯದ್ದು, ಭತ್ಯೆ ಎರಡನೆಯದು. ಸೇರ್ಪಡೆಯಾದ ಮೇಲೆ ಒಂದೆರಡು ವರ್ಷದಲ್ಲಿ ನಿಮ್ಮ ಹುದ್ದೆ ಉಳಿಯುತ್ತದೆಯೇ ಎಂಬುದು ಮೂರನೆಯದು.

ಯಾವ ರಾಶಿಗೆ ಹಾಕಬೇಕೆಂದು ತೋಚದಿದ್ದರೆ ಮೊದಲನೆಯದಕ್ಕೆ ಹಾಕಿ. ನಾನು ನೋಡಿದ ಮಟ್ಟಿಗೆ, ಜನ "ಯಾರಿಗೂ ತಿಳಿಯದು" ಎಂದು ಕೈಬಿಟ್ಟ ಪ್ರಶ್ನೆಗಳಲ್ಲಿ ಬಹಳಷ್ಟು ಬರೀ "ಯಾರೂ ಕೇಳಲಿಲ್ಲ" ಎಂಬ ಜಾತಿಗೆ ಸೇರಿದವು.

ಹಂತ 3: ಮೊದಲ ರಾಶಿಯನ್ನು ಕೇಳಿ ಮುಗಿಸುವುದು

ಇಡೀ ಮಾರ್ಗದರ್ಶಿಯಲ್ಲಿ ಅತಿ ಹೆಚ್ಚು ಜನ ನಿಲ್ಲುವುದು ಇಲ್ಲಿ. ಕೇಳಿದರೆ ದಡ್ಡರೆಂದುಕೊಳ್ಳುತ್ತಾರೆ, ದೊಡ್ಡವರನ್ನು ಮತ್ತೆಮತ್ತೆ ಕೇಳಬಾರದು ಎಂಬ ಸಂಕೋಚ ನಮ್ಮ ಕಡೆ ಬಲವಾಗಿದೆ. ಆ ಸಂಕೋಚದ ಹಿಂದೆ ಒಳ್ಳೆಯ ನಡತೆ ಇದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೇಳದೆ ತಪ್ಪು ಮಾಡಿದಾಗ ಆಗುವ ಅವಮಾನ ಕೇಳುವಾಗಿನ ಸಂಕೋಚಕ್ಕಿಂತ ಬಹಳ ದೊಡ್ಡದು. ಕೇಳುವುದನ್ನು ಮುಂದೂಡಿದಷ್ಟೂ ಮನಸ್ಸಿನ ಭಾರವೂ ಹೆಚ್ಚುತ್ತದೆ. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 45 ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ, ಕೈಗೆ ಸಣ್ಣ ವಿದ್ಯುತ್ ಆಘಾತ ಖಂಡಿತ ಆಗುತ್ತದೆಂದು ತಿಳಿದಿದ್ದಾಗಿನದಕ್ಕಿಂತ, ಆಗಲೂಬಹುದು ಆಗದಿರಲೂಬಹುದು ಎಂಬ ಅರ್ಧಂಬರ್ಧ ಸ್ಥಿತಿಯಲ್ಲಿ ಅವರ ಒತ್ತಡ ಹೆಚ್ಚಾಗಿತ್ತು. "ಭತ್ಯೆ ಇಲ್ಲ" ಎಂಬ ಕೆಟ್ಟ ಉತ್ತರ ಕೂಡ ಉತ್ತರವೇ ಇಲ್ಲದ ಸ್ಥಿತಿಗಿಂತ ಹಗುರ.

ಕೇಳುವ ಮುನ್ನ ಐದು ನಿಮಿಷ ಕಡತ, ಹಿಂದಿನ ಸುತ್ತೋಲೆ, ಹಳೆಯ ಇಮೇಲ್ ನೋಡಿ. ಅಲ್ಲಿ ಇರುವುದನ್ನೇ ಕೇಳಿದರೆ ಸಾಹೇಬರು ಬೇಸರಪಡುವುದು ನ್ಯಾಯವೇ. ಅಲ್ಲಿ ಇಲ್ಲವೆಂದು ಖಾತ್ರಿಯಾದ ಮೇಲೆ, "ಏನು ಮಾಡಲಿ ಸರ್" ಎಂದು ಬರಿಗೈಯಲ್ಲಿ ಹೋಗದೆ ನೀವು ಅರ್ಥಮಾಡಿಕೊಂಡದ್ದನ್ನು ಮುಂದಿಟ್ಟು ಕೇಳಿ: "ಸರ್, ತಿಂಗಳ ವರದಿಯನ್ನು ನಾನು ಈವರೆಗೆ ನಿಮಗೇ ಕೊಡುತ್ತಿದ್ದೆ. ಈ ಬಾರಿಯೂ ಹಾಗೆಯೇ ಕೊಟ್ಟು ದಾವಣಗೆರೆಗೆ ಒಂದು ಪ್ರತಿ ಕಳುಹಿಸಬೇಕೆಂದು ತಿಳಿದಿದ್ದೇನೆ. ಸರಿಯೇ?" ಇಂಥ ಪ್ರಶ್ನೆಗೆ ಹೌದು ಅಥವಾ ಅಲ್ಲ ಎನ್ನಲು ಅವರಿಗೆ ಹತ್ತು ಸೆಕೆಂಡು ಸಾಕು.

ಹೊಸ ಕೆಲಸವೊಂದನ್ನು ಒಪ್ಪಿಸಿದಾಗ ಕನಿಷ್ಠ ನಾಲ್ಕು ವಿಷಯ ತಿಳಿಯದೆ ಎದ್ದು ಬರಬಾರದು. ಮುಗಿದ ಕೆಲಸ ಹೇಗಿರಬೇಕು, ಯಾವ ತಾರೀಖಿನ ಎಷ್ಟು ಗಂಟೆಯೊಳಗೆ ಬೇಕು, ಕೊನೆಯ ಒಪ್ಪಿಗೆ ಯಾರದ್ದು, ಈಗ ಕೈಯಲ್ಲಿರುವ ಕೆಲಸಗಳಲ್ಲಿ ಯಾವುದನ್ನು ಪಕ್ಕಕ್ಕಿಡಬೇಕು. ಕೊನೆಯದನ್ನು ಯಾರೂ ಕೇಳುವುದಿಲ್ಲ. ಅದನ್ನು ಕೇಳದಿದ್ದರೆ ಎರಡು ಕೆಲಸವೂ ಅರ್ಧಕ್ಕೆ ನಿಲ್ಲುತ್ತವೆ.

ಇನ್ನು ಉತ್ತರಗಳ ವಿಷಯ. ನಮ್ಮ ಕಚೇರಿಗಳಲ್ಲಿ ಉತ್ತರದಂತೆ ಕೇಳಿಸುವ ಆದರೆ ಉತ್ತರವಲ್ಲದ ಕೆಲವು ಮಾತುಗಳಿವೆ, ಮತ್ತು ಅವುಗಳನ್ನು ಅರ್ಥಮಾಡಿಕೊಳ್ಳುವುದು ಒಂದು ಕೌಶಲವೇ ಸರಿ. "ನೋಡೋಣ" ಎಂಬ ಮಾತಿಗೆ ಕನಿಷ್ಠ ಮೂರು ಅರ್ಥಗಳಿವೆ: ಯೋಚಿಸಿ ಹೇಳುತ್ತೇನೆ, ಈಗ ಬೇಡ, ಮತ್ತು ಆಗುವುದಿಲ್ಲ ಆದರೆ ಬಾಯಿಬಿಟ್ಟು ಹೇಳಲು ಮನಸ್ಸಿಲ್ಲ. ಯಾವುದೆಂದು ಊಹಿಸುವ ಬದಲು "ಆಗಲಿ ಸರ್, ಗುರುವಾರ ಬಂದು ನೆನಪಿಸಲೇ?" ಎಂದು ಕೇಳಬೇಕು. ಯೋಚಿಸುವವರು ಗುರುವಾರಕ್ಕೆ ಒಪ್ಪುತ್ತಾರೆ, ಈಗ ಬೇಡ ಎನ್ನುವವರು ಬೇರೆ ದಿನ ಹೇಳುತ್ತಾರೆ, ಇಷ್ಟವಿಲ್ಲದವರು "ನಾನೇ ಹೇಳಿ ಕಳುಹಿಸುತ್ತೇನೆ" ಎನ್ನುತ್ತಾರೆ. "ಸ್ವಲ್ಪ ನೋಡಿಕೊಳ್ಳಿ" ಎಂದರೆ ಜವಾಬ್ದಾರಿ ನಿಮ್ಮದು, ಅಧಿಕಾರ ಎಷ್ಟೆಂದು ಹೇಳಿಲ್ಲ ಎಂದರ್ಥ. ಎಲ್ಲಿಯವರೆಗೆ ನೀವೇ ತೀರ್ಮಾನಿಸಬಹುದು, ಯಾವಾಗ ಬಂದು ಕೇಳಬೇಕು ಎಂಬುದನ್ನು ಆಗಲೇ ತಿಳಿದುಕೊಳ್ಳಿ. "ಅರ್ಜೆಂಟ್" ಎಂಬುದು ಕೆಲವರ ಬಾಯಲ್ಲಿ ಒಂದು ಗಂಟೆ, ಕೆಲವರ ಬಾಯಲ್ಲಿ ಒಂದು ವಾರ. ಗಡಿಯಾರದ ಮಾತಿಗೆ ಇಳಿಯುವವರೆಗೂ ಆ ಪದಕ್ಕೆ ಬೆಲೆ ಕೊಡಬೇಡಿ.

ತಪ್ಪು ಜಾಗದಲ್ಲಿ ಕೇಳುವುದು ಈ ಹಂತದ ಇನ್ನೊಂದು ದೋಷ. ಎಲ್ಲರೆದುರು ಸಭೆಯಲ್ಲಿ "ನೀವು ಹೇಳಿದ್ದು ಸ್ಪಷ್ಟವಾಗಿಲ್ಲ" ಎಂದರೆ ಹೇಳಿದವರಿಗೆ ಮುಖಭಂಗವಾಗುತ್ತದೆ, ಉತ್ತರದ ಬದಲು ಸಮರ್ಥನೆ ಬರುತ್ತದೆ. ಸಭೆ ಮುಗಿದ ಮೇಲೆ ಚೇಂಬರಿನಲ್ಲಿ ಕೇಳಿದರೆ ಅದೇ ವ್ಯಕ್ತಿ ಸಾವಧಾನವಾಗಿ ವಿವರಿಸುತ್ತಾರೆ.

ಹಂತ 4: ಕೇಳಿದ್ದನ್ನು ಅದೇ ದಿನ ಬರಹಕ್ಕೆ ಇಳಿಸುವುದು

ನಾನು ಖಾಸಗಿ ಕಚೇರಿಯೊಂದರ ಲೆಕ್ಕ ವಿಭಾಗದಲ್ಲಿದ್ದಾಗ ಬಾಕಿದಾರರ ಪಟ್ಟಿ ತಯಾರಿಸಲು ಹೇಳಿದರು. ವ್ಯಾಪಾರಿವಾರು ಎಂದು ಕೇಳಿಸಿಕೊಂಡು ಮೂರು ವಾರ ಕೂತು ಮುಗಿಸಿದೆ. ಹೇಳಿದವರು ತಾವು ಊರುವಾರು ಕೇಳಿದ್ದೆವು ಎಂದರು. ಅವರು ಸುಳ್ಳು ಹೇಳಲಿಲ್ಲ, ನಾನೂ ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ ಎಂದೇ ಇವತ್ತಿಗೂ ನಂಬಿದ್ದೇನೆ. ಮಾತು ಇಬ್ಬರ ನೆನಪಿನಲ್ಲಿ ಎರಡು ರೂಪ ತಾಳಿತ್ತು, ಮೂರನೆಯ ಸಾಕ್ಷಿ ಇರಲಿಲ್ಲ. ಆ ಮೂರು ವಾರ ಮತ್ತೆ ದುಡಿಯಬೇಕಾಯಿತು.

ಆದ್ದರಿಂದ ಮಾತುಕತೆ ಮುಗಿದ ದಿನವೇ ನಾಲ್ಕು ಸಾಲಿನ ಸಂದೇಶ ಕಳುಹಿಸಿ. "ಸರ್, ಬೆಳಿಗ್ಗೆ ಮಾತನಾಡಿದಂತೆ ಬಾಕಿ ಪಟ್ಟಿಯನ್ನು ಊರುವಾರು ತಯಾರಿಸುತ್ತಿದ್ದೇನೆ. ಮಾರ್ಚ್ 31ರವರೆಗಿನ ಬಾಕಿ ಮಾತ್ರ ಸೇರಿರುತ್ತದೆ. ಶುಕ್ರವಾರ ಸಂಜೆ 4ಕ್ಕೆ ಒಪ್ಪಿಸುತ್ತೇನೆ. ಬದಲಾವಣೆ ಇದ್ದರೆ ತಿಳಿಸಿ." ಇದು ಆರೋಪದ ದಾಖಲೆಯಂತೆ ಕಾಣಬಾರದು; "ನೀವೇ ಹೇಳಿದ್ದೀರಿ" ಎಂಬ ಧಾಟಿ ಬಂದರೆ ಮುಂದೆ ಯಾರೂ ನಿಮಗೆ ಬಾಯಿಮಾತಿನಲ್ಲಿ ಏನನ್ನೂ ಹೇಳುವುದಿಲ್ಲ. ವಾಟ್ಸ್‌ಆ್ಯಪ್‌ಗಿಂತ ಇಮೇಲ್ ಮೇಲು, ಏಕೆಂದರೆ ಮೊಬೈಲ್ ಬದಲಾದರೆ ವಾಟ್ಸ್‌ಆ್ಯಪ್ ಸಂದೇಶಗಳು ಕಳೆದುಹೋಗಬಹುದು. ಇಮೇಲ್ ಬಳಕೆಯಿಲ್ಲದ ಕಡೆ ಅದೇ ಸಾಕು. ಸರ್ಕಾರಿ ಕಚೇರಿಯಲ್ಲಿ ಹೊರಗುತ್ತಿಗೆಯ ಮೇಲೆ ಇರುವವರು ಮೌಖಿಕ ಆದೇಶವನ್ನು ಸಂಬಂಧಪಟ್ಟ ವಿಷಯ ನಿರ್ವಾಹಕರ ಗಮನಕ್ಕೆ ತಂದು ಕಡತದ ಟಿಪ್ಪಣಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಬೇಕು.

ಇಬ್ಬರು ಎರಡು ರೀತಿ ಹೇಳಿದಾಗಲೂ ಇದೇ ದಾರಿ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತ ಓಡಾಡಿದರೆ ಕೊನೆಗೆ ಚಾಡಿ ಹೇಳಿದವರು ನೀವೇ ಆಗುತ್ತೀರಿ. ಇಬ್ಬರಿಗೂ ಒಂದೇ ಸಂದೇಶದಲ್ಲಿ, ಯಾರು ಏನು ಹೇಳಿದರೆಂಬ ವಿವರಕ್ಕೆ ಹೋಗದೆ, ಬರೆಯಿರಿ: "ಈ ಕೆಲಸಕ್ಕೆ ಎರಡು ಸೂಚನೆಗಳಿವೆ. ಮೊದಲನೆಯದರಂತೆ ಮಾಡಿದರೆ ಬುಧವಾರಕ್ಕೆ ಮುಗಿಯುತ್ತದೆ, ಎರಡನೆಯದರಂತೆ ಸೋಮವಾರವಾಗುತ್ತದೆ. ಯಾವುದನ್ನು ಪಾಲಿಸಲಿ ಎಂದು ದಯವಿಟ್ಟು ತಿಳಿಸಿ." ಒಂದೇ ಸಂದೇಶದಲ್ಲಿ ಇಬ್ಬರನ್ನೂ ಸೇರಿಸಲಾಗದಷ್ಟು ಬಿಗುವಿದ್ದರೆ, ನಿಮ್ಮ ರಜೆಗೆ ಸಹಿ ಹಾಕುವವರು ಯಾರೋ ಅವರನ್ನು ಮಾತ್ರ ಕೇಳಿ.

ಹಂತ 5: ತೀರ್ಮಾನವಾಗದ ವಿಷಯದಲ್ಲಿ ಸಸಿಮಡಿಯಷ್ಟೇ ಮಾಡುವುದು

ಈಗ ಎರಡನೆಯ ರಾಶಿ. ತೀರ್ಮಾನಿಸಬೇಕಾದವರು ತೀರ್ಮಾನಿಸಿಲ್ಲ, ನಿಮಗೆ ಸುಮ್ಮನೆ ಕೂರಲೂ ಆಗುವುದಿಲ್ಲ.

ಭದ್ರಾ ಅಚ್ಚುಕಟ್ಟಿನ ಕೊನೆಯ ಭಾಗದ ನಮ್ಮ ರೈತರು ಇದನ್ನು ಪ್ರತಿ ಹಂಗಾಮಿನಲ್ಲೂ ಎದುರಿಸುತ್ತಾರೆ. 186 ಅಡಿಯ ಜಲಾಶಯದಲ್ಲಿ ನೀರು ಎಷ್ಟಿದೆ ಎಂಬುದು ಎಲ್ಲರಿಗೂ ತಿಳಿಯುತ್ತದೆ, ಆದರೆ ನಾಲೆಗೆ ಯಾವತ್ತಿನಿಂದ, ಎಷ್ಟು ದಿನ ಬಿಡುತ್ತಾರೆ ಎಂಬುದನ್ನು ನೀರಾವರಿ ಸಲಹಾ ಸಮಿತಿ ಹೇಳಬೇಕು. ಆ ತೀರ್ಮಾನ ಬರುವವರೆಗೆ ಜಾಣ ರೈತ ಇಡೀ ಗದ್ದೆಯನ್ನು ನಾಟಿಗೆ ಸಿದ್ಧಗೊಳಿಸುವುದಿಲ್ಲ, ಹಾಗೆಂದು ಕೈಕಟ್ಟಿ ಕೂರುವುದೂ ಇಲ್ಲ. ಬೋರ್‌ವೆಲ್ ನೀರು ಸಿಗುವ ಒಂದು ಮೂಲೆಯಲ್ಲಿ ಭತ್ತದ ಸಸಿಮಡಿ ಹಾಕುತ್ತಾನೆ. ನೀರು ಬಂದರೆ ಮೂರು-ನಾಲ್ಕು ವಾರ ಮುಂದಿರುತ್ತಾನೆ. ಬರದಿದ್ದರೆ ಕಳೆದುಕೊಳ್ಳುವುದು ಬೀಜ ಮತ್ತು ಒಂದಿಷ್ಟು ಆಳಿನ ಖರ್ಚು ಮಾತ್ರ.

ಕಚೇರಿಯಲ್ಲಿ ಸಸಿಮಡಿ ಯಾವುದು, ನಾಟಿ ಯಾವುದು ಎಂದು ಕೇಳಿಕೊಳ್ಳಿ. ತೀರ್ಮಾನ ಯಾವ ಕಡೆ ಬಂದರೂ ಬೇಕಾಗುವ ಕೆಲಸ ಸಸಿಮಡಿ. ನಮ್ಮ ಉದಾಹರಣೆಯಲ್ಲಿ, ಶಾಖೆಯ ಖಾತೆಗಳನ್ನು ಹೊಂದಾಣಿಕೆ ಮಾಡಿ ಬಾಕಿಯಿಲ್ಲದಂತೆ ಇಡುವುದು, ಆಸ್ತಿಪಟ್ಟಿ ಸರಿಪಡಿಸುವುದು, ನಿಮ್ಮ ದಿನನಿತ್ಯದ ಕೆಲಸಗಳನ್ನು ಬೇರೊಬ್ಬರಿಗೆ ಅರ್ಥವಾಗುವಂತೆ ಎರಡು ಪುಟದಲ್ಲಿ ಬರೆದಿಡುವುದು ಆ ಬಗೆಯವು. ಶಾಖೆ ಉಳಿದರೂ ಇವು ವ್ಯರ್ಥವಲ್ಲ. ದಾವಣಗೆರೆಯಲ್ಲಿ ಮನೆ ನೋಡಿ ಮುಂಗಡ ಕೊಡುವುದು, ಮಕ್ಕಳ ವರ್ಗಾವಣೆ ಪತ್ರ ಪಡೆಯುವುದು ನಾಟಿ. ಆದೇಶ ಕೈಗೆ ಬರುವವರೆಗೂ ಬೇಡ.

ಇದರ ಜೊತೆಗೆ ತೀರ್ಮಾನವನ್ನು ಹತ್ತಿರ ತರುವ ಕೆಲಸವೂ ನಿಮ್ಮದೇ. ಬಹಳ ಸಲ ಮೇಲಿನವರು ತೀರ್ಮಾನಿಸದಿರುವುದು ಅದಕ್ಕೆ ಬೇಕಾದ ಅಂಕಿಅಂಶ ಅವರೆದುರು ಇಲ್ಲದಿರುವುದರಿಂದ. ಒಂದೇ ಪುಟದಲ್ಲಿ ಎರಡು ಅಥವಾ ಮೂರು ದಾರಿಗಳನ್ನು, ಪ್ರತಿಯೊಂದಕ್ಕೂ ತಗಲುವ ಖರ್ಚು ಮತ್ತು ದಿನಗಳೊಂದಿಗೆ ಬರೆದುಕೊಟ್ಟು, ನಿಮ್ಮ ಸಲಹೆ ಯಾವುದೆಂದು ಕೊನೆಯಲ್ಲಿ ಹೇಳಿ. ಸಣ್ಣ ವಿಷಯಗಳಲ್ಲಿ "ನಾಳೆ ಮಧ್ಯಾಹ್ನದೊಳಗೆ ಬೇರೆ ಸೂಚನೆ ಬಾರದಿದ್ದರೆ ಮೊದಲನೆಯ ದಾರಿಯಲ್ಲಿ ಮುಂದುವರಿಯುತ್ತೇನೆ" ಎಂದು ಬರೆಯಬಹುದು.

ಇಲ್ಲಿ ದೊಡ್ಡ ಎಚ್ಚರಿಕೆಯೊಂದಿದೆ. ಮೌನವನ್ನು ಒಪ್ಪಿಗೆಯೆಂದು ತೆಗೆದುಕೊಳ್ಳುವ ಈ ವಿಧಾನವನ್ನು ಹಣ ಪಾವತಿ, ಬೇರೆಯವರ ಹೆಸರಿನಲ್ಲಿ ಸಹಿ, ಇನ್ನೊಬ್ಬರ ನೌಕರಿ, ಯಂತ್ರದ ಸುರಕ್ಷತೆ, ರೋಗಿಯ ಚಿಕಿತ್ಸೆ, ಕಾನೂನಿನ ಗಡುವು ಇವುಗಳಲ್ಲಿ ಎಂದಿಗೂ ಬಳಸಬಾರದು. ಅಲ್ಲಿ ಬರಹದ ಒಪ್ಪಿಗೆ ಬರುವವರೆಗೆ ಕೆಲಸ ನಿಲ್ಲಬೇಕು, ನಿಂತಿದೆ ಎಂಬುದನ್ನು ಮೇಲಿನವರಿಗೆ ತಿಳಿಸಬೇಕು.

ಹಂತ 6: ಯಾರಿಗೂ ತಿಳಿಯದ್ದಕ್ಕೆ ಗುರುತು ಮತ್ತು ತಾರೀಖು ಇಡುವುದು

ಮೂರನೆಯ ರಾಶಿಯನ್ನು ಕೇಳಿ ಬಗೆಹರಿಸಲಾಗದು, ಯೋಚಿಸಿಯೂ ಬಗೆಹರಿಸಲಾಗದು. ಮಾಡಬಹುದಾದದ್ದು ಇಷ್ಟೇ: ಯಾವ ಲಕ್ಷಣ ಕಂಡರೆ ನಾನು ಏನು ಮಾಡುತ್ತೇನೆ ಎಂದು ಮೊದಲೇ ಬರೆದಿಡುವುದು.

2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಲು ಆದೇಶಿಸಿತು. ಆಗಸ್ಟ್ 26ರಂದು ಅದೇ ನಿರ್ಬಂಧವನ್ನು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿತು. ಚಿತ್ರದುರ್ಗದ ಗಣಿಗಳನ್ನು, ಅದಿರು ಸಾಗಿಸುವ ಲಾರಿಗಳನ್ನು ನಂಬಿದ್ದವರಿಗೆ ಇಂಥ ಆದೇಶ ಬಂದೇ ಬರುತ್ತದೆಂದು ಮುಂಚಿತವಾಗಿ ತಿಳಿಯಲು ಸಾಧ್ಯವಿರಲಿಲ್ಲ. ಆದರೂ ಎರಡು ಆದೇಶಗಳ ನಡುವೆ ನಾಲ್ಕು ವಾರಗಳಿದ್ದವು. ಪಕ್ಕದ ಜಿಲ್ಲೆಯಲ್ಲಿ ಅದೇ ಉದ್ಯಮ ಒಂದೇ ದಿನದಲ್ಲಿ ನಿಂತಿತೆಂಬುದು ಒಂದು ಗುರುತು. ಆ ಗುರುತನ್ನು ಓದಿಕೊಂಡವರು ಹೊಸ ಸಾಲಕ್ಕೆ ಸಹಿ ಹಾಕುವುದನ್ನಾದರೂ ತಡೆಹಿಡಿಯಬಹುದಿತ್ತು. ಭವಿಷ್ಯ ತಿಳಿಯದಿದ್ದರೂ ಗುರುತುಗಳು ಕಾಣುತ್ತವೆ ಎಂಬುದಕ್ಕೆ ನಮ್ಮ ಜಿಲ್ಲೆಗಳಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತೋಚುವುದಿಲ್ಲ.

ಗುರುತಿಗೆ ತಾರೀಖು ಜೊತೆಯಾಗಬೇಕು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮಳೆಯಾಶ್ರಿತ ರೈತರು ಶೇಂಗಾ ಬಿತ್ತಲು ಹದ ಮಳೆ ಬರಲಿ ಎಂದು ಕಾಯುತ್ತಾರಾದರೂ ಕೊನೆಯಿಲ್ಲದೆ ಕಾಯುವುದಿಲ್ಲ. ಬಿತ್ತನೆಯ ಕಾಲ ದಾಟಿತೆಂದರೆ ಶೇಂಗಾ ಕೈಬಿಟ್ಟು ಸಿರಿಧಾನ್ಯಕ್ಕೆ, ಇನ್ನೂ ತಡವಾದರೆ ಹುರುಳಿಗೆ ಹೋಗುತ್ತಾರೆ. ನಿಮ್ಮ ಪುಟದಲ್ಲೂ ಹೀಗೆಯೇ ಇರಲಿ: "ಸಂಬಳ ಎರಡು ತಿಂಗಳು ಸತತವಾಗಿ 10ನೇ ತಾರೀಖು ದಾಟಿದರೆ ಬೇರೆ ಕಡೆ ಅರ್ಜಿ ಹಾಕುತ್ತೇನೆ." "ಡಿಸೆಂಬರ್ 31ರೊಳಗೆ ನವೀಕರಣದ ಆದೇಶ ಬಾರದಿದ್ದರೆ ಇನ್ನೊಂದು ಸಂಸ್ಥೆಯ ಸಂದರ್ಶನಕ್ಕೆ ಹೋಗುತ್ತೇನೆ." ಬರೆದ ಮೇಲೆ ಆ ತಾರೀಖನ್ನು ಮೊಬೈಲಿಗೆ ಹಾಕಿ, ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಮನಸ್ಸಿನಲ್ಲಿ ಮತ್ತೆ ತೆರೆಯಬೇಡಿ. ರಾತ್ರಿ ನೆನಪಾದರೆ, ಅದಕ್ಕೊಂದು ದಿನ ನಿಗದಿಯಾಗಿದೆ ಎಂದು ಹೇಳಿಕೊಳ್ಳಿ. ಇದರಿಂದ ಆಗುವ ನೆಮ್ಮದಿಯನ್ನು ಮಾಡಿ ನೋಡಿದವರೇ ಬಲ್ಲರು.

ಗಾಳಿಸುದ್ದಿಗಳನ್ನು ಗುರುತುಗಳೊಂದಿಗೆ ಬೆರೆಸಬಾರದು. ಕ್ಯಾಂಟೀನಿನಲ್ಲಿ ಕೇಳಿದ ಮಾತಿನ ಮುಂದೆ "ಇದನ್ನು ನೇರವಾಗಿ ನೋಡಿದವರು ಯಾರು" ಎಂದು ಬರೆಯಿರಿ. ಹೆಸರು ಬರೆಯಲಾಗದಿದ್ದರೆ ಅದು ಗುರುತಲ್ಲ. ಹೆಸರಿದ್ದರೆ ಅವರನ್ನೇ ಕೇಳಿ.

ಹಂತ 7: ನೌಕರಿಯೇ ಅಲ್ಲಾಡುತ್ತಿದ್ದರೆ ಕಾಗದ ಮತ್ತು ಹಣ

ಬರೆದಿಟ್ಟ ಗುರುತುಗಳಲ್ಲಿ ಎರಡು ಕಾಣಿಸಿಕೊಂಡರೆ ಈ ಹಂತಕ್ಕೆ ಬನ್ನಿ, ಅದಕ್ಕೂ ಮೊದಲು ಬಂದರೂ ನಷ್ಟವಿಲ್ಲ.

ಭವಿಷ್ಯನಿಧಿಯ ಪಾಸ್‌ಬುಕ್‌ ತೆರೆದು ಪ್ರತಿ ತಿಂಗಳ ವಂತಿಗೆ ಜಮೆಯಾಗಿದೆಯೇ ನೋಡಿ. ಸಂಬಳದ ಚೀಟಿಯಲ್ಲಿ ನಿಮ್ಮ ಪಾಲಿನ ಶೇ 12 ಕಡಿತವಾಗಿ ಪಾಸ್‌ಬುಕ್‌ನಲ್ಲಿ ಕಾಣದಿದ್ದರೆ ಅದು ಗಂಭೀರ ಲಕ್ಷಣ, ತಡಮಾಡದೆ ಬರಹದಲ್ಲಿ ಕೇಳಬೇಕು. ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯವಾಗುವ ಸಂಸ್ಥೆಯಾಗಿದ್ದರೆ ನಿಮ್ಮ ಪಾಲು ಶೇ 0.75, ಮಾಲೀಕರದು ಶೇ 3.25, ಅದೂ ಸಂದಾಯವಾಗಿರಬೇಕು.

ಕೆಲಸ ಬಿಡುವ ಆತುರದಲ್ಲಿ ಜನ ಭವಿಷ್ಯನಿಧಿಯನ್ನು, ಅದರ ಪಿಂಚಣಿ ಭಾಗದ ಸಮೇತ, ಪೂರ್ತಿ ಹಿಂಪಡೆಯಲು ನೋಡುತ್ತಾರೆ. ಮಾಸಿಕ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಪಿಂಚಣಿ ಹಣ ತೆಗೆದುಕೊಂಡರೆ ಅಲ್ಲಿಯವರೆಗಿನ ಸೇವೆಯ ಲೆಕ್ಕ ಅಳಿಸಿಹೋಗುತ್ತದೆ. ಹೊಸ ಕೆಲಸ ಸಿಗುವ ಸಾಧ್ಯತೆ ಇದ್ದರೆ ಖಾತೆಯನ್ನು ಅಲ್ಲಿಗೆ ವರ್ಗಾಯಿಸುವುದೇ ಸರಿ. ದೀರ್ಘ ಸೇವೆಗಾಗಿ ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡಿಗಂಟಾದ ಗ್ರಾಚ್ಯುಟಿಗೆ ಕಾಯಂ ನೌಕರರಿಗೆ 5 ವರ್ಷದ ಸೇವೆ ಬೇಕು, ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ 15ರಿಂದ, ಮತ್ತೆ ಸೇವೆಯ ವರ್ಷಗಳಿಂದ ಗುಣಿಸಿದರೆ ಮೊತ್ತ ಸಿಗುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷದ ಸೇವೆ ಸಾಕು. ಐದು ವರ್ಷ ತುಂಬಲು ಕೆಲವೇ ತಿಂಗಳು ಬಾಕಿಯಿದ್ದವರು ಗಾಳಿಸುದ್ದಿಗೆ ಹೆದರಿ ರಾಜೀನಾಮೆ ಕೊಟ್ಟದ್ದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ.

ಒತ್ತಾಯದ ರಾಜೀನಾಮೆಗೆ ಆ ಕ್ಷಣದಲ್ಲಿ ಸಹಿ ಹಾಕಬೇಡಿ, ಒಂದು ದಿನ ಕೇಳಿ. ಕಾನೂನಿನಲ್ಲಿ ಕಾರ್ಮಿಕ ಎಂಬ ವ್ಯಾಖ್ಯೆಗೆ ಒಳಪಟ್ಟು ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದವರನ್ನು ಹೆಚ್ಚುವರಿ ಎಂದು ತೆಗೆಯುವಾಗ ಕನಿಷ್ಠ ಒಂದು ತಿಂಗಳ ನೋಟಿಸ್ ಅಥವಾ ಆ ಸಂಬಳವನ್ನೂ, ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ಸಂಬಳವನ್ನೂ ಕೊಡಬೇಕು. ನೀವೇ ರಾಜೀನಾಮೆ ಬರೆದುಕೊಟ್ಟರೆ ಆ ಹಕ್ಕು ಇರುವುದಿಲ್ಲ. ಗೊಂದಲವಿದ್ದರೆ ಜಿಲ್ಲಾ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಹಣದ ವಿಷಯದಲ್ಲಿ, ಬಾಡಿಗೆ, ರೇಷನ್, ಶಾಲಾ ಶುಲ್ಕ, ಕಂತು, ಔಷಧಿ ಸೇರಿ ಒಂದು ತಿಂಗಳಿಗೆ ಎಷ್ಟು ಬೇಕೆಂದು ಮನೆಯವರೊಂದಿಗೆ ಕೂತು ಬರೆಯಿರಿ. ಮನೆಯವರಿಗೆ ಮುಚ್ಚಿಡುವುದು ಈ ಹಂತದ ಅತಿ ದೊಡ್ಡ ತಪ್ಪು. ಮೂರು ತಿಂಗಳ ಖರ್ಚು ಕೈಯಲ್ಲಿಲ್ಲದವರು ಹೊಸ ಕಂತಿನ ಸಾಲ, ಹೊಸ ಚೀಟಿ ವ್ಯವಹಾರ ಎರಡಕ್ಕೂ ಕೈಹಾಕಬಾರದು.

ನಿಲ್ಲಿಸಿ ನೋಡಬೇಕಾದ ಲಕ್ಷಣಗಳು

ವಾರದ ಅರ್ಧ ಗಂಟೆಯಲ್ಲಿ ಮೂರು ರಾಶಿಗಳನ್ನೂ ಮತ್ತೆ ಓದಿ, ಉತ್ತರ ಸಿಕ್ಕವನ್ನು ಹೊಡೆದುಹಾಕಿ. ಒಂದೇ ಪ್ರಶ್ನೆ ನಾಲ್ಕು ವಾರ ಮೊದಲ ರಾಶಿಯಲ್ಲೇ ಉಳಿದಿದ್ದರೆ, ನೀವು ಕೇಳುತ್ತಿಲ್ಲ ಅಥವಾ ಅವರು ಬೇಕೆಂದೇ ಹೇಳುತ್ತಿಲ್ಲ. ಸೂಚನೆಯನ್ನು ಬರಹದಲ್ಲಿ ಕೊಡಲು ಯಾವಾಗಲೂ ನಿರಾಕರಿಸಿ, ಕೆಟ್ಟಾಗ ಮಾತ್ರ ನಿಮ್ಮ ಹೆಸರು ಹೇಳುವ ಕಡೆ ಅಸ್ಪಷ್ಟತೆಗೆ ಕಾರಣ ಮರೆವಲ್ಲ, ಅದು ಅಲ್ಲಿಯ ಪದ್ಧತಿ. ಅಂಥಲ್ಲಿ ಈ ಹಂತಗಳು ನಿಮ್ಮನ್ನು ಸ್ವಲ್ಪ ಕಾಲ ಕಾಪಾಡುತ್ತವೆ, ಆ ಕಾಲವನ್ನು ಬೇರೆ ಕೆಲಸ ಹುಡುಕಲು ಬಳಸಿ.

ನಿಮ್ಮ ದೇಹವೂ ಲಕ್ಷಣಗಳನ್ನು ತೋರಿಸುತ್ತದೆ. ಎರಡು ವಾರಕ್ಕಿಂತ ಹೆಚ್ಚು ನಿದ್ರೆ ಕೆಡುವುದು, ಕಚೇರಿಯ ಕರೆ ಬಂದರೆ ಎದೆ ಬಡಿದುಕೊಳ್ಳುವುದು, ಮಕ್ಕಳ ಮೇಲೆ ಕಾರಣವಿಲ್ಲದೆ ರೇಗುವುದು, ಸಂಜೆಯ ಕುಡಿತ ಹೆಚ್ಚುವುದು ಕಂಡರೆ ನೋಟ್‌ಬುಕ್ ಸಾಲದು. ವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ, ಹಣ ಕೊಡದೆ ಮಾತನಾಡಬಹುದು.

ನಿಮ್ಮ ಕೈಕೆಳಗೆ ಜನರಿದ್ದರೆ

ಮೇಲಿನ ಅಷ್ಟೂ ಹಂತಗಳನ್ನು ಅವರು ನಿಮ್ಮ ವಿಷಯದಲ್ಲೂ ಮಾಡುತ್ತಿರುತ್ತಾರೆ. ಕೆಲಸ ಒಪ್ಪಿಸಿದ ಮೇಲೆ "ಅರ್ಥವಾಯಿತೇ" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. "ನೀವು ಮೊದಲು ಏನು ಮಾಡುತ್ತೀರಿ ಹೇಳಿ" ಎಂದು ಕೇಳಿ. ತಿಳಿದಿದ್ದೂ ಹೇಳಲಾಗದ ವಿಷಯಗಳು ನಿಮಗಿರುತ್ತವೆ. ಆಗ ಸುಳ್ಳು ಭರವಸೆ ಕೊಡದೆ, ಇದನ್ನು ಈಗ ಹೇಳುವ ಅಧಿಕಾರ ನನಗಿಲ್ಲ ಎಂದು ನೇರವಾಗಿ ಹೇಳಿದರೆ ಜನ ಗೌರವಿಸುತ್ತಾರೆ.

ಶಾಖೆ ಸೇರ್ಪಡೆಯಂಥ ದೀರ್ಘ ಅನಿಶ್ಚಿತತೆಯಲ್ಲಿ ವಾರದ ಒಂದು ದಿನ, ಒಂದು ಹೊತ್ತು ಗೊತ್ತುಮಾಡಿ, ಸುದ್ದಿ ಇರಲಿ ಇಲ್ಲದಿರಲಿ, ಎಲ್ಲರನ್ನೂ ಹತ್ತು ನಿಮಿಷ ಸೇರಿಸಿ. "ಈ ವಾರ ಹೊಸದಾಗಿ ಏನೂ ತಿಳಿದಿಲ್ಲ. ಮುಂದಿನ ಶುಕ್ರವಾರ 4 ಗಂಟೆಗೆ ಮತ್ತೆ ಹೇಳುತ್ತೇನೆ" ಎಂಬ ಎರಡು ವಾಕ್ಯಗಳಾದರೂ ಸಾಕು. ಶುಕ್ರವಾರ 4 ಗಂಟೆಗೆ ಹೇಳಲು ಏನೂ ಇಲ್ಲವೆಂದು ಸಭೆಯನ್ನು ಒಮ್ಮೆ ಬಿಟ್ಟುಬಿಟ್ಟರೆ, ಆ ಸಂಜೆಯೊಳಗೆ ಕ್ಯಾಂಟೀನಿನಲ್ಲಿ ಶಾಖೆ ಮುಚ್ಚಿದ ಸುದ್ದಿ ಹಬ್ಬಿರುತ್ತದೆ.